ಹೊಸ ಕಾರಿನ ಮೈಲೇಜ್ ಲೆಕ್ಕ: ನಾಲ್ಕನೇ ಟ್ಯಾಂಕ್

ಮೊದಲನೇ ಟ್ಯಾಂಕಿನ ಲೆಕ್ಕ ಬಂದ ದಿನ ರಾತ್ರಿ ಊಟ ಸೇರಲಿಲ್ಲ. 387 ಕಿಲೋಮೀಟರ್ ಓಡಿಸಿದ್ದೆ, ಮತ್ತೆ ಫುಲ್ ಮಾಡಿಸಿದಾಗ 31.2 ಲೀಟರ್ ಹಿಡಿಯಿತು. ಲೀಟರಿಗೆ 12.4. ಶೋರೂಂನಲ್ಲಿ 20ರ ಮೇಲೆ ಅಂದಿದ್ದರು. ಹಳೇ ಕಾರೇ ಇದಕ್ಕಿಂತ ಜಾಸ್ತಿ ಕೊಡುತ್ತಿತ್ತು ಅಂತ ಅಪ್ಪ ಎರಡು ಸಲ ಹೇಳಿದರು. ಹಳೇ ಕಾರಿಗೆ ಮನೆಯಲ್ಲಿ ಯಾರೂ ಒಂದು ದಿನ ಲೆಕ್ಕ ಇಟ್ಟವರಲ್ಲ, ಆ ಮಾತು ಬೇರೆ.

ಗಾಡಿ 1.2 ಲೀಟರ್ ಪೆಟ್ರೋಲ್, ಗೇರ್ ಕೈಯಲ್ಲೇ ಹಾಕುವುದು. ಮನೆ ಕೊಡಗಿನಲ್ಲಿ, ಕುಶಾಲನಗರದಿಂದ ಮಡಿಕೇರಿಗೆ ಹೋಗುವ ದಾರಿಯ ಸುಂಟಿಕೊಪ್ಪದ ಹತ್ತಿರ, ಟಾರು ರಸ್ತೆಯಿಂದ ತೋಟದೊಳಗೆ. ಕೆಲಸ ಮಡಿಕೇರಿಯಲ್ಲಿ.

ಲೆಕ್ಕ ಇಡುವ ಕ್ರಮ ಸರಳ. ಅದೇ ಬಂಕು, ಅದೇ ಪಂಪು, ಗನ್ ತಾನಾಗಿ ಕಟ್ ಆದ ಕೂಡಲೇ ಸಾಕು. ರೌಂಡ್ ಫಿಗರ್ ಮಾಡುತ್ತೇನೆ ಅಂತ ಹುಡುಗ ಮತ್ತೆ ಒತ್ತಿದರೆ ಲೆಕ್ಕ ಕೆಟ್ಟಿತು. ಟ್ರಿಪ್ ಮೀಟರ್ ಸೊನ್ನೆ. ಡ್ಯಾಶ್‌ಬೋರ್ಡಿನಲ್ಲಿ ಬರುವ ಅಂಕಿ ನಂಬುವುದನ್ನು ಬಿಟ್ಟೆ. ಆ ಮೊದಲ ಟ್ಯಾಂಕಿಗೆ ಅದು 14.1 ತೋರಿಸಿತ್ತು. ಒಂದೂವರೆಗಿಂತ ಜಾಸ್ತಿ ಸುಳ್ಳು!

ಎರಡನೇ ಟ್ಯಾಂಕ್: 402 ಕಿಮೀ, 30.6 ಲೀಟರ್, 13.1. ಗಾಳಿ ಚೆಕ್ ಮಾಡಿಸಿದಾಗ ಹಿಂದಿನ ಎಡಗಡೆ ಚಕ್ರದಲ್ಲಿ 24 ಇತ್ತು, ಒಂದು ಸಣ್ಣ ಮೊಳೆ. ಬಾಗಿಲ ಹತ್ತಿರದ ಸ್ಟಿಕರಿನಲ್ಲಿ 33 ಅಂತ ಬರೆದಿದೆ. ಪಂಕ್ಚರ್ ಹಾಕಿಸಿದೆ. ಡಿಕ್ಕಿಯಲ್ಲಿ ಎರಡು ವಾರದಿಂದ ಒಂದು ಮೂಟೆ ಗೊಬ್ಬರ ಇತ್ತು, ಅದನ್ನೂ ಇಳಿಸಿದೆ.

ಆಮೇಲೆ 20 ಎಲ್ಲಿಂದ ಬಂತು ಅಂತ ಓದಿದೆ. ಗಾಡಿಗಳನ್ನು ಪರೀಕ್ಷೆ ಮಾಡುವ ಪುಣೆಯ ಸಂಸ್ಥೆ ಎಆರ್‌ಎಐ. ಅದರ ಪರೀಕ್ಷೆಯಲ್ಲಿ ಕಾರು ನಿಂತಲ್ಲೇ ನಿಂತಿರುತ್ತದೆ, ಚಕ್ರ ರೋಲರ್ ಮೇಲೆ ತಿರುಗುತ್ತದೆ. ಸುಮಾರು 20 ನಿಮಿಷದ ಓಟ, ವೇಗ 90 ದಾಟುವುದಿಲ್ಲ, ಎಸಿ ಆಫ್. ಅಲ್ಲಿ ಬೋಯಿಕೇರಿಯ ತಿರುವು ಇಲ್ಲ, ಏರು ಇಲ್ಲ, ಎದುರಿಗೆ ಕಾಫಿ ಮೂಟೆ ತುಂಬಿದ ಲಾರಿ ಇಲ್ಲ. ಮಳೆಗಾಲದಲ್ಲಿ ನಮಗೆ ಎಸಿ ಬೇಕಾಗುವುದು ತಂಪಿಗಲ್ಲ, ಗಾಜಿನ ಮಂಜು ಹೋಗಲಿ ಅಂತ. ಚಳಿಯಲ್ಲಿ ನಡುಗುತ್ತಾ ಎಸಿ ಹಾಕುವ ಊರು ಇದು.

ಏರಿನ ಲೆಕ್ಕ ಮಾತ್ರ ನಾನೇ ಕೂತು ಹಾಕಿದೆ, ಇದರಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ಕುಶಾಲನಗರಕ್ಕಿಂತ ಮಡಿಕೇರಿ 300 ಮೀಟರಿಗೂ ಎತ್ತರದಲ್ಲಿದೆ. ದಾರಿ ಸುಮಾರು 30 ಕಿಮೀ. ಜನ ಸೇರಿ ಕಾರಿನ ತೂಕ 1,100 ಕೆಜಿ ಅಂದುಕೊಳ್ಳಿ. ಅಷ್ಟನ್ನು 320 ಮೀಟರ್ ಎತ್ತಲು ಹತ್ತಿರ ಹತ್ತಿರ 3.5 ಮೆಗಾಜೂಲ್ ಬೇಕು. ಈಗಿನ ಪೆಟ್ರೋಲಿನ ಲೀಟರಿನಲ್ಲಿ 30 ಮೆಗಾಜೂಲ್ ಇದ್ದರೂ ಚಕ್ರಕ್ಕೆ ಸಿಗುವುದು ಕಾಲು ಭಾಗ, ಮಿಕ್ಕಿದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಅಂದರೆ ಬರೀ ಎತ್ತುವುದಕ್ಕೇ ಅರ್ಧ ಲೀಟರಿಗೆ ಹತ್ತಿರ. ಸಮತಟ್ಟಿನಲ್ಲಿ 18 ಕೊಡುವ ಗಾಡಿ ಈ ದಾರಿ ಹತ್ತುವಾಗ 14ಕ್ಕೆ ಬರುತ್ತದೆ. ಇಳಿಯುವಾಗ ವಾಪಸ್ ಸಿಗಲ್ವಾ? ಸ್ವಲ್ಪ ಸಿಗುತ್ತದೆ. ಉಳಿದದ್ದನ್ನು ತಿರುವಿಗೊಮ್ಮೆ ಬ್ರೇಕ್ ತಿನ್ನುತ್ತದೆ.

ಎಥನಾಲಿನದ್ದೂ ಒಂದು ಪಾಲಿದೆ. ಬಂಕಿನಲ್ಲಿ ಈಗ ಸಿಗುವುದು 20 ಪರ್ಸೆಂಟ್ ಬೆರೆಸಿದ್ದು. ಎಥನಾಲಿನ ಶಕ್ತಿ ಲೀಟರಿಗೆ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಹಾಗಾಗಿ ಲೀಟರಿಗೆ 7 ಪರ್ಸೆಂಟ್ ಶಕ್ತಿ ಕಡಿಮೆ. ಆದರೆ 20ನ್ನು 12 ಮಾಡುವಷ್ಟಲ್ಲ.

ಮೂರನೇ ಸಲ ಬೇಕಂತಲೇ ಫುಲ್ ಮಾಡಿಸಿ ಮೈಸೂರಿಗೆ ಹೋಗಿ ಬಂದೆ. ಊರೊಳಗಿನ ತಿರುಗಾಟ ಸೇರಿ 230 ಕಿಮೀ, 12.3 ಲೀಟರ್. 18.7! ಹುಣಸೂರು ದಾಟಿದ ಮೇಲೆ 75ರಲ್ಲಿ ಟಾಪ್ ಗೇರ್, ಅಷ್ಟೇ. ಗಾಡಿಗೆ ಕಾಯಿಲೆ ಇಲ್ಲ ಅಂತ ಅವತ್ತು ಗೊತ್ತಾಯಿತು. ಸರ್ವಿಸ್‌ನವರ ಹತ್ತಿರ ಜಗಳಕ್ಕೆ ಬರೆದಿಟ್ಟಿದ್ದ ಚೀಟಿಯನ್ನು ಹರಿದು ಹಾಕಿದೆ.

ಹಾಗಾದರೆ ದಿನದ ಓಡಾಟದಲ್ಲಿ ಏನು ಸರಿ ಮಾಡಬಹುದು? ದೊಡ್ಡ ಕಳ್ಳ ಸಿಕ್ಕಿದ್ದು ಬೆಳಿಗ್ಗೆಯ ಹಾಲು. ಮೂರು ಕಿಮೀ ಹೋಗಿ ಬಂದರೆ ಎಂಜಿನ್ ಬಿಸಿಯೇ ಆಗುವುದಿಲ್ಲ. ತಣ್ಣಗಿರುವ ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಅದೂ ತೋಟದ ಕೆಸರಲ್ಲಿ ಫಸ್ಟ್ ಗೇರು. ಈಗ ಹಾಲಿಗೆ ಸ್ಕೂಟರ್, ಮಳೆ ಇದ್ದರೆ ಕಪ್ಪು ಟೀ.

ಎರಡನೆಯದು ಅಪ್ಪನ ಜೊತೆ ವಾದ. ಇಳಿತದಲ್ಲಿ ನ್ಯೂಟ್ರಲ್ ಮಾಡು, ಉಳಿಯುತ್ತೆ ಅಂತ ಅವರು. ಕಾರ್ಬುರೇಟರ್ ಕಾಲದಲ್ಲಿ ಸರಿ ಇದ್ದಿರಬಹುದು. ಈಗಿನ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆಫ್ ಆಗದಂತೆ ಸುಮ್ನೆ ಕುಡಿಯುತ್ತಲೇ ಇರುತ್ತದೆ. ಜೊತೆಗೆ ಎಂಜಿನ್ ಹಿಡಿತವೂ ಇಲ್ಲ, ಬ್ರೇಕ್ ಕಾದು ಹೋಗುತ್ತದೆ. ಅಪ್ಪ ಒಪ್ಪಿಲ್ಲ. ನಾನು ಓಡಿಸುವಾಗ ಸೀಟಿನಲ್ಲಿ ಕೂತು ನಿಟ್ಟುಸಿರು ಬಿಡುತ್ತಾರೆ.

ನಾಲ್ಕನೇ ಟ್ಯಾಂಕ್ ನಿನ್ನೆ ಮುಗಿಯಿತು. 421 ಕಿಮೀ, 28.9 ಲೀಟರ್, 14.6. ದಿನದ ಓಡಾಟಕ್ಕೆ 15 ಬಂದರೆ ನಾನು ಸುಮ್ಮನಾಗುತ್ತೇನೆ. ಬೇಜಾರು ಪೂರ್ತಿ ಹೋಗಿಲ್ಲ. 20 ಅಂತ ಹೇಳಿದವರು ಮಡಿಕೇರಿ ರಸ್ತೆಯಲ್ಲಿ ಎಷ್ಟು ಅಂತಲೂ ಹೇಳಬಹುದಿತ್ತು, ಅವರೂ ಇಲ್ಲಿಯವರೇ ಅಲ್ವಾ.

ನಾಡಿದ್ದು ಸುಳ್ಯದಲ್ಲಿ ಮದುವೆ. ಸಂಪಾಜೆವರೆಗೆ ಸಾವಿರ ಮೀಟರ್ ಇಳಿತ, ಹೋಗುವಾಗ ಮೀಟರ್ 30 ತೋರಿಸಿದರೂ ಅಪ್ಪನಿಗೆ ಹೇಳುವುದಿಲ್ಲ. ವಾಪಸ್ ಬಂದು ಅದೇ ಬಂಕಿನಲ್ಲಿ ಫುಲ್ ಮಾಡಿಸಿದ ಮೇಲೆ ಬರೆಯುತ್ತೇನೆ.