ಸೇತುವೆ ದಾಟಿದ್ದು ನೆನಪಿಲ್ಲ

ಮಂಗಳವಾರ, 14 ಅಕ್ಟೋಬರ್ 2025, ರಾತ್ರಿ 10.20

“ಸೇತುವೆಯ ಮೇಲೆ ಗಾಳಿ ಹೇಗಿತ್ತು?” ಎಂದು ಚಿಕ್ಕಪ್ಪ ಫೋನಿನಲ್ಲಿ ಕೇಳಿದರು. ನಾನಿನ್ನೂ ಹೆಲ್ಮೆಟ್ ತೆಗೆದು ಕೈಗವಸು ಕಳಚುತ್ತಿದ್ದೆ. “ಅಷ್ಟೇನೂ ಇರಲಿಲ್ಲ” ಎಂದು ಬಾಯಿಗೆ ಬಂದದ್ದನ್ನು ಹೇಳಿ ಮುಗಿಸಿದ ಮೇಲೆ, ನಾನು ಸುಳ್ಳು ಹೇಳಿದೆ ಎಂಬುದು ನನಗೇ ತಿಳಿಯಿತು. ರೈಲ್ವೆ ಗೇಟಿನಲ್ಲಿ ಕಾದದ್ದು ನೆನಪಿದೆ, ನಮ್ಮ ಬೀದಿಯ ತಿರುವಿನಲ್ಲಿ ಗೇರು ಇಳಿಸಿದ್ದೂ ನೆನಪಿದೆ. ಆದರೆ ಇವೆರಡರ ನಡುವಿನ ಹನ್ನೊಂದು ಕಿಲೋಮೀಟರು ದಾರಿ, ಆ ಉದ್ದನೆಯ ಸೇತುವೆಯೂ ಸೇರಿದಂತೆ, ಎಷ್ಟು ತಡಕಾಡಿದರೂ ತಲೆಯೊಳಗೆ ಸಿಗಲಿಲ್ಲ. ಗಾಡಿಯನ್ನು ಯಾರು ಓಡಿಸಿಕೊಂಡು ಬಂದರು?

ಬೈಕು ಕೊಂಡು ಇಂದಿಗೆ ನಲವತ್ತೇಳು ದಿನ. ಕೆಲಸಕ್ಕೆ ಹೋಗಲು 64 ಕಿ.ಮೀ., ಬರಲು 64. ಮೂವತ್ತೆರಡು ದಿನ ಹೀಗೆ ಓಡಾಡಿದ್ದಕ್ಕೆ ಮೀಟರು 4,100ರ ಆಸುಪಾಸಿನಲ್ಲಿದೆ. ಮೊದಲ ವಾರ ಪ್ರತಿಯೊಂದು ಕಿಲೋಮೀಟರೂ ನನಗೆ ಬಾಯಿಪಾಠವಾಗಿತ್ತು. ಯಾವ ತಿರುವಿನ ಅಂಚಿನಲ್ಲಿ ಜಲ್ಲಿಪುಡಿ ಬಿದ್ದಿದೆ, ಎಲ್ಲಿ ಹೊಸ ಡಾಂಬರು ಹಳೆಯದಕ್ಕಿಂತ ಒಂದು ಅಂಗುಲ ಎತ್ತರದಲ್ಲಿದೆ, ಎಲ್ಲಿ ಮರಗಳ ಸಾಲು ಮುಗಿದು ಅಡ್ಡಗಾಳಿ ಬಡಿಯುತ್ತದೆ ಎಂಬುದನ್ನೆಲ್ಲ ಕಣ್ಣುಮುಚ್ಚಿ ಹೇಳಬಲ್ಲವನಾಗಿದ್ದೆ. ಹ್ಯಾಂಡಲನ್ನು ಬಾವಿಗೆ ಬಿದ್ದವನು ಹಗ್ಗ ಹಿಡಿದಂತೆ ಹಿಡಿದುಕೊಂಡು ಬರುತ್ತಿದ್ದರಿಂದ, ಮನೆಗೆ ಬಂದ ಮೇಲೆ ಅರ್ಧ ಗಂಟೆ ಬೆರಳುಗಳು ಜೋಮು ಹಿಡಿದಿರುತ್ತಿದ್ದವು; ಅಂಗೈಯಲ್ಲಿ ಗ್ರಿಪ್ಪಿನ ರಬ್ಬರಿನ ಗೆರೆಗಳು ಅಚ್ಚೊತ್ತಿದಂತೆ ಮೂಡಿರುತ್ತಿದ್ದವು. ಹಿಡಿತ ಮೊಣಕಾಲುಗಳಲ್ಲಿರಲಿ, ಟ್ಯಾಂಕನ್ನು ಅವುಗಳಿಂದ ಅವುಚಿಕೋ, ಮೊಣಕೈ ಸಡಿಲ ಬಿಡು ಎಂದು ಕಲಿಸಿದವರು ಚಿಕ್ಕಪ್ಪನೇ. ಇಪ್ಪತ್ತೇಳು ವರ್ಷ ಬೈಕು ಓಡಿಸಿ, ಮಂಡಿನೋವಿನಿಂದಾಗಿ ಬಿಟ್ಟವರು ಅವರು. ಹೆದ್ದಾರಿಯ ವೇಗದಲ್ಲಿ ಕಿವಿಯನ್ನು ದಣಿಸುವುದು ಎಂಜಿನ್ನಿನ ಸದ್ದಲ್ಲ, ಹೆಲ್ಮೆಟ್ಟಿನ ಸುತ್ತ ನುಗ್ಗುವ ಗಾಳಿಯ ಸದ್ದು ಎಂದು ಹೇಳಿ, ಕಿವಿಗೆ ಇಟ್ಟುಕೊಳ್ಳುವ ಮೆತ್ತನೆಯ ಬಿರಡೆಗಳನ್ನು ಕೊಡಿಸಿದವರೂ ಅವರೇ. ಅವರ ಮಾತು ಕೇಳಿದ್ದಕ್ಕೆ ಸುಸ್ತು ಅರ್ಧಕ್ಕರ್ಧ ಇಳಿದಿದೆ. ಸುಸ್ತಿನ ಜೊತೆಗೆ ಭಯವೂ ಇಳಿದುಹೋಗಿದೆ ಎಂಬುದನ್ನು ಇಂದಿನವರೆಗೆ ನಾನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ.

“ನಿಜ ಹೇಳಲಾ ಚಿಕ್ಕಪ್ಪ? ಸೇತುವೆ ದಾಟಿದ್ದೇ ನನಗೆ ನೆನಪಿಲ್ಲ.”

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳಿಗ್ಗೆ ಏನಾದರೂ ಆಯಿತೇನೋ?” ಎಂದರು. ಅದು ಅವರಿಗೆ ಹೇಗೆ ಹೊಳೆಯಿತೋ ತಿಳಿಯದು. ಹೇಳಬಾರದೆಂದು ನಿಶ್ಚಯಿಸಿಕೊಂಡಿದ್ದ ಸಂಗತಿಯನ್ನು ಆಗ ಹೇಳಲೇಬೇಕಾಯಿತು.

ಬೆಳಿಗ್ಗೆ, ಎಡಗಡೆಯ ಅಡ್ಡರಸ್ತೆಯೊಂದರ ಬಾಯಿಯಲ್ಲಿ ಕಾರೊಂದು ನಿಂತಿತ್ತು. ನಾನು ಐವತ್ತರ ವೇಗದಲ್ಲಿದ್ದೆ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಚಾಲಕ ತಲೆ ತಿರುಗಿಸಿ ನನ್ನ ಕಡೆಗೇ ನೋಡಿದ, ನೋಡಿದ ಮೇಲೂ ಗಾಡಿಯನ್ನು ಮುಂದಕ್ಕೆ ಬಿಟ್ಟ. ನನ್ನ ಬೆರಳುಗಳು ಮುಂದಿನ ಬ್ರೇಕಿನ ಮೇಲಿರಲಿಲ್ಲ. ಮೊದಲು ತುಳಿದದ್ದು ಹಿಂದಿನ ಬ್ರೇಕನ್ನು. ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ನನ್ನ ಗಾಡಿಯಲ್ಲಿ ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಕಚ್ಚಿಕೊಂಡು, ಕೊಡವಿದ ಬಾಲದಂತೆ ಒಂದು ಪಕ್ಕಕ್ಕೆ ಸರಿಯಿತು. ಆಮೇಲೆ ಬಲಗೈಗೆ ಬುದ್ಧಿ ಬಂತು. ಕಾರಿನ ಹಿಂಬದಿಗೂ ನನಗೂ ನಡುವೆ ಒಂದು ಆಳುದ್ದ ಜಾಗ ಉಳಿದಿತ್ತು. ಕಾರು ಹೊರಟೇಹೋಯಿತು. ನಾನು ರಸ್ತೆಯ ಪಕ್ಕದಲ್ಲಿ ಐದು ನಿಮಿಷ ನಿಂತು, ನೀರು ಕುಡಿದು, ಯಾರಿಗೂ ಹೇಳುವುದು ಬೇಡವೆಂದು ತೀರ್ಮಾನಿಸಿದೆ.

“ಅವನು ನನ್ನನ್ನು ನೋಡಿದ ಚಿಕ್ಕಪ್ಪ, ಕಣ್ಣಲ್ಲಿ ಕಣ್ಣಿಟ್ಟು ನೋಡಿದ” ಎಂದು ನಾನು ದೂರಿದೆ.

“ಅವನು ನೋಡಿದ್ದು ರಸ್ತೆಯಲ್ಲಿ ಕಾರಿದೆಯೋ ಲಾರಿಯಿದೆಯೋ ಎಂದು. ನೀನು ಎರಡೂ ಅಲ್ಲವಲ್ಲ” ಎಂದರು ಅವರು. “ಅವನ ಕಣ್ಣು ನೋಡಬೇಡ ಮಗೂ, ಅವನ ಮುಂದಿನ ಚಕ್ರ ನೋಡು. ಕಣ್ಣು ಸುಳ್ಳು ಹೇಳುತ್ತದೆ, ಚಕ್ರ ಹೇಳುವುದಿಲ್ಲ. ಅದು ಒಂದು ಗೇಣು ಉರುಳಿದರೂ ನಿನಗೆ ಕಾಣುತ್ತದೆ.” ಹಿಂದಿನ ಬ್ರೇಕಿನ ವಿಚಾರವನ್ನು ಅವರು ಈ ಮೊದಲು ನಾಲ್ಕು ಬಾರಿಯಾದರೂ ಹೇಳಿದ್ದಾರೆ: ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ, ಹಿಂದಿನದು ಹಗುರಾಗುತ್ತದೆ, ಹಗುರಾದ ಚಕ್ರಕ್ಕೆ ನೆಲದ ಹಿಡಿತ ಎಲ್ಲಿಂದ ಬರಬೇಕು? ಇಂದು ಐದನೆಯ ಬಾರಿ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿರುತ್ತಿತ್ತು.

ಬದಲಿಗೆ ಅವರು ಕೇಳಿದ್ದು ಇದು: “ಬೆಳಿಗ್ಗೆ ಅಂಥದ್ದಾದ ಮೇಲೂ ಸಂಜೆ ಹನ್ನೊಂದು ಕಿಲೋಮೀಟರು ಮರೆತೆ. ನಿನಗೆ ಯಾವುದು ದೊಡ್ಡದಾಗಿ ಕಾಣಿಸುತ್ತದೆ?” ನನ್ನಲ್ಲಿ ಉತ್ತರವಿರಲಿಲ್ಲ. ಬೆಳಗಿನದು ಕಾರಿನವನ ತಪ್ಪು ಎಂದು ಹೇಳಿಕೊಳ್ಳಬಹುದು. ಸಂಜೆಯದನ್ನು ಹೊರಿಸಲು ಯಾರೂ ಇಲ್ಲ.

ಊಟದ ನಂತರ, ಅಮೆರಿಕದಲ್ಲಿ 1981ರಲ್ಲಿ ಪ್ರಕಟವಾದ, ಹ್ಯಾರಿ ಹರ್ಟ್ ಅವರ ಹೆಸರಿನಿಂದಲೇ ಪರಿಚಿತವಾದ ಮೋಟಾರ್‌ಸೈಕಲ್ ಅಪಘಾತಗಳ ವರದಿಯ ಸಾರಾಂಶವನ್ನು ಮತ್ತೊಮ್ಮೆ ತೆಗೆದು ಓದಿದೆ. ಲಾಸ್ ಏಂಜಲೀಸಿನಲ್ಲಿ ನಡೆದ ಸುಮಾರು 900 ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ಬರೆದದ್ದು ಅದು. ಬೇರೆ ವಾಹನದೊಂದಿಗೆ ಆದ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲು, ಎದುರಿನವರು ಬೈಕಿಗೆ ದಾರಿ ಬಿಡದೆ ನುಗ್ಗಿದ್ದರಿಂದ ಆದವು ಎಂಬ ಸಾಲು ಬೆಳಗಿನ ಘಟನೆಯಿಂದಾಗಿ ನನಗೆ ಸಮಾಧಾನವನ್ನೇ ಕೊಟ್ಟಿತು. ಆದರೆ ಅಪಘಾತಕ್ಕೀಡಾದ ಸವಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆ ಗಾಡಿಯನ್ನು ಓಡಿಸಲು ತೊಡಗಿ ಐದು ತಿಂಗಳೂ ಆಗಿರಲಿಲ್ಲ ಎಂಬ ಸಾಲೂ ಅದರಲ್ಲಿದೆ. ಮೊದಲ ಸಲ ಓದಿದಾಗ, ಪಾಪ, ಅವರಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲವೇನೋ ಎಂದುಕೊಂಡಿದ್ದೆ. ಇಂದು ಹಾಗೆ ಅನ್ನಿಸಲಿಲ್ಲ. ಅವರಲ್ಲಿ ಕೆಲವರಿಗಾದರೂ ನನಗೆ ಬಂದಷ್ಟು ಬಂದಿದ್ದಿರಬೇಕು.

ಒಂದು ವಿಚಿತ್ರವನ್ನು ಇಲ್ಲಿ ಬರೆದಿಡಬೇಕು. ವೇಗದಲ್ಲಿರುವಾಗ ಬಲಕ್ಕೆ ಹೊರಳಬೇಕಾದರೆ ಬಲಗಡೆಯ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು. ಚಕ್ರ ಅರೆಗಳಿಗೆ ಎಡಕ್ಕೆ ಸರಿದು, ಗಾಡಿ ಬಲಕ್ಕೆ ವಾಲುತ್ತದೆ. ಇದನ್ನು ತರಬೇತಿಯಲ್ಲಿ ಕೇಳಿದಾಗ ನಂಬಿರಲಿಲ್ಲ, ಮೊದಲ ವಾರ ಪ್ರತಿ ತಿರುವಿನಲ್ಲೂ “ಒತ್ತು, ಒತ್ತು” ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಈಗ ಕೈ ತಾನಾಗಿಯೇ ಒತ್ತುತ್ತದೆ. ನಾನು ಬಯಸಿದ್ದೂ ಅದನ್ನೇ ಅಲ್ಲವೇ? ಕೆಲಸವನ್ನು ಕೈಗೆ ಒಪ್ಪಿಸಿ ತಲೆಯನ್ನು ರಸ್ತೆಗೆ ಬಿಡುವುದು. ಕೈ ತನ್ನ ಪಾಲನ್ನು ತೆಗೆದುಕೊಂಡಿತು. ಬಿಡುವು ಸಿಕ್ಕ ತಲೆ ಮಾತ್ರ ರಸ್ತೆಗೆ ಹೋಗದೆ, ಕಚೇರಿಯಲ್ಲಿ ಆದ ಯಾವುದೋ ಮಾತಿನ ಹಿಂದೆ ಹೋಯಿತು. ಆ ಮಾತು ಇವತ್ತೇ ಆದದ್ದು, ಆದರೆ ಬರೆಯುವಷ್ಟು ಮುಖ್ಯವಾದದ್ದೂ ಅಲ್ಲ.

ಚಿಕ್ಕಪ್ಪ ಒಂದು ಉಪಾಯ ಹೇಳಿದ್ದಾರೆ. ಕಾಣುವುದನ್ನೆಲ್ಲ ಹೆಲ್ಮೆಟ್ಟಿನೊಳಗೆ ಬಾಯಿಬಿಟ್ಟು ಹೇಳುತ್ತಾ ಬರಬೇಕಂತೆ: ಮುಂದೆ ಟ್ಯಾಂಕರು, ಎಡಕ್ಕೆ ನಾಯಿ, ತಿರುವಿನಲ್ಲಿ ಮರಳು. ನಾನು ನಕ್ಕೆ. “ಜಪಾನಿನಲ್ಲಿ ರೈಲು ಓಡಿಸುವವರು ಪ್ರತಿ ಸಿಗ್ನಲಿಗೂ ಬೆರಳು ತೋರಿಸಿ ಗಟ್ಟಿಯಾಗಿ ಹೇಳುತ್ತಾರೆ. ಅವರಿಗಿಂತ ನೀನು ದೊಡ್ಡ ಮನುಷ್ಯನೋ?” ಎಂದು ಕೇಳಿ ಫೋನಿಟ್ಟರು. ಅದು ಸಿಟ್ಟೋ ತಮಾಷೆಯೋ ಗೊತ್ತಾಗಲಿಲ್ಲ.

ಆಮೇಲೆ ಚೈನಿಗೆ ಎಣ್ಣೆ ಹಾಕಲು ಕೂತೆ. 500 ಕಿ.ಮೀ.ಗೊಮ್ಮೆ ಎಂದರೆ ನನಗೆ ನಾಲ್ಕು ದಿನಕ್ಕೊಮ್ಮೆ. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುವಾಗ, ಟೈರಿನ ಮೇಲೆ ಬೆಳಗಿನ ಜಾರಾಟದ ಗುರುತು ಕಾಣಿಸಿತು: ಹೆಬ್ಬೆಟ್ಟಿನಗಲದ ಜಾಗ, ಸುತ್ತಲಿನ ರಬ್ಬರಿಗಿಂತ ನುಣುಪಾಗಿ, ಮುಟ್ಟಿದರೆ ಅಂಚು ತರಿತರಿ. ಚಕ್ರ ತಿರುಗಿಸಿದಾಗೆಲ್ಲ ಅದು ಮತ್ತೆ ಎದುರಿಗೆ ಬರುತ್ತಿತ್ತು.

ನಾಳೆ ಮಳೆಯಂತೆ. ಎಷ್ಟೋ ದಿನಗಳ ನಂತರ ಬೀಳುವ ಮಳೆ. ರಸ್ತೆಯಲ್ಲಿ ಕೂತ ಎಣ್ಣೆಯೆಲ್ಲ ಮೊದಲ ಹನಿಗಳಿಗೇ ಮೇಲೇಳುತ್ತದೆ. ಸೇತುವೆಯ ತುಂಡುಗಳು ಕೂಡುವಲ್ಲಿ ಇರುವ ಕಬ್ಬಿಣದ ಜೋಡುಪಟ್ಟಿಗಳಂತೂ ಒದ್ದೆಯಾದರೆ ಗಾಜಿನಂತೆ ಜಾರುತ್ತವೆ. ಅವುಗಳನ್ನು ಗಾಡಿ ವಾಲಿಸದೆ, ಬ್ರೇಕು ಮುಟ್ಟದೆ ದಾಟಬೇಕು. ಅವು ಎಷ್ಟಿವೆ ಎಂದು ಎಣಿಸಲು ಹೊರಟೆ. ಅರವತ್ತನಾಲ್ಕು ಸಲ ದಾಟಿದ ಸೇತುವೆ. ಎರಡೋ, ನಾಲ್ಕೋ. ಆಚೆ ಕಡೆ ಇಳಿಜಾರು ಶುರುವಾಗುವಲ್ಲಿ ಒಂದು ಇದೆ ಎಂದುಕೊಳ್ಳುತ್ತೇನೆ, ಆದರೆ ಅದು ಕಂಬಕ್ಕಿಂತ ಮೊದಲೋ ಆಮೇಲೋ