20 ಲಕ್ಷ ಕೊಟ್ಟು ತಟ್ಟೆ ತೊಳೆದ ದಿನ

ಡ್ಯೂಟಿ ಪಟ್ಟಿಯನ್ನು ಭಾನುವಾರ ರಾತ್ರಿ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಕಿಚನ್, ಸರ್ವಿಸ್, ಬಾರ್, ಹೌಸ್‌ಕೀಪಿಂಗ್, ಎಲ್ಲದಕ್ಕಿಂತ ಕೆಳಗೆ ಪ್ಲೋಂಜ್. ಪಾತ್ರೆ ತೊಳೆಯುವ ಜಾಗ ಅದು. ಆ ವಾರ ಅಲ್ಲಿ ನನ್ನ ಹೆಸರಿತ್ತು, ಜೊತೆಗೆ ಕಝಾಕಸ್ತಾನದ ಒಬ್ಬ ಹುಡುಗನದು. ಅವನ ಮನೆಯವರಿಗೆ ಅಲ್ಮಾಟಿಯಲ್ಲಿ ಹೋಟೆಲ್ ಇದೆ. ನಮಗೆ ಭದ್ರಾವತಿಯಲ್ಲಿ. ಅವರದಕ್ಕೆ ಸ್ವಿಮ್ಮಿಂಗ್ ಪೂಲ್ ಇದೆ, ನಮ್ಮದಕ್ಕೆ ಕೈ ತೊಳೆಯಲು ಎರಡು ನಲ್ಲಿ ಇವೆ. ಅಷ್ಟೇ ವ್ಯತ್ಯಾಸ.

ಇದು 2018ರ ನವೆಂಬರ್ ಮಾತು. ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನ ಮೇಲಿನ ಬೆಟ್ಟದಲ್ಲಿ ನಮ್ಮ ಹೋಟೆಲ್ ಮ್ಯಾನೇಜ್‌ಮೆಂಟ್ ಶಾಲೆ. ಕೆಳಗೆ ಜಿನೀವಾ ಸರೋವರ ಇದೆ ಅಂತ ಬ್ರೋಷರಿನಲ್ಲಿ ದೊಡ್ಡ ಫೋಟೋ ಹಾಕಿದ್ದರು. ನವೆಂಬರಿನಲ್ಲಿ ಅದು ಎಷ್ಟೋ ದಿನ ಕಾಣುವುದೇ ಇಲ್ಲ. ಸರೋವರದ ಮೇಲೆ ಮಂಜು ಕೂತುಬಿಡುತ್ತದೆ, ಕೆಳಗಿನ ಊರಿನವರು ಬೂದು ಬಣ್ಣದ ಆಕಾಶದ ಕೆಳಗೆ ಓಡಾಡುತ್ತಿರುತ್ತಾರೆ, ಮೇಲಿರುವ ನಮಗೆ ಚೆನ್ನಾಗಿ ಬಿಸಿಲು. ಆ ಬಿಸಿಲಿಗೆ ಅಂತಲೇ ಈ ಬೆಟ್ಟದ ಮೇಲೆ ಹಿಂದೆ ದೊಡ್ಡ ದೊಡ್ಡ ಹೋಟೆಲುಗಳು ಬಂದವು. 1883ರಲ್ಲಿ ಸರೋವರದ ದಂಡೆಯಿಂದ ಗ್ಲಿಯೋಂ ಊರಿಗೆ ಫ್ಯುನಿಕ್ಯುಲರ್, ಅಂದರೆ ಹಗ್ಗ ಕಟ್ಟಿ ಎಳೆಯುವ ರೈಲು, ಹಾಕಿದರು. 1892ರಲ್ಲಿ ಅಲ್ಲಿಂದ ಇನ್ನೂ ಮೇಲೆ, 2,042 ಮೀಟರ್ ಎತ್ತರದ ರೋಶೆ ದ ನೇ ಶಿಖರದ ಹತ್ತಿರದ ತನಕ ಹಲ್ಲುಗಾಲಿ ರೈಲು. ಇಂಗ್ಲೆಂಡಿನ ಲಾರ್ಡುಗಳು, ರಷ್ಯಾದ ಶ್ರೀಮಂತರು ತಿಂಗಳುಗಟ್ಟಲೆ ಬಂದು ಇರುತ್ತಿದ್ದರು. ಮೊದಲ ಮಹಾಯುದ್ಧ ಬಂತು, ಆ ಗಿರಾಕಿಗಳು ಹೋದರು, ಕಟ್ಟಡಗಳು ಉಳಿದವು. ಕೆಲವು ಕ್ಲಿನಿಕ್ ಆದವು, ಕೆಲವು ಬೋರ್ಡಿಂಗ್ ಸ್ಕೂಲ್, ಕೆಲವು ಹೋಟೆಲ್ ಸ್ಕೂಲ್. ಖಾಲಿ ಬಿದ್ದ ಹೋಟೆಲಿನಲ್ಲಿ ಹೋಟೆಲ್ ನಡೆಸುವುದನ್ನು ಕಲಿಸುವ ಈ ಐಡಿಯಾ ಯಾರಿಗೆ ಹೊಳೆಯಿತೋ ಗೊತ್ತಿಲ್ಲ, ಬುದ್ಧಿವಂತರು ಮಾತ್ರ ಹೌದು.

ನಮ್ಮ ಅಪ್ಪ ಕುಂದಾಪುರದ ಕಡೆಯವರು. ಮೀಸೆ ಮೂಡುವ ಮೊದಲೇ ಘಟ್ಟ ಹತ್ತಿ ಬಂದು ಯಾರದೋ ಹೋಟೆಲಿನಲ್ಲಿ ಮಾಣಿಯಾಗಿ ಸೇರಿದವರು. ಟೇಬಲ್ ಒರೆಸಿ, ಲೋಟ ತೊಳೆದು, ಸಪ್ಲಾಯರ್ ಆಗಿ, ಆಮೇಲೆ ಸಾಲ ಮಾಡಿ ಸ್ವಂತ ಹೋಟೆಲ್ ಇಟ್ಟವರು. ಆದ್ದರಿಂದಲೇ ಇರಬೇಕು, ನನ್ನನ್ನು ಹೋಟೆಲಿನ ಅಡುಗೆಮನೆಯ ಹತ್ತಿರಕ್ಕೂ ಬಿಟ್ಟವರಲ್ಲ. ಶಾಲೆ ಬಿಟ್ಟು ಬರುವಾಗ ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಗೋಳಿಬಜೆ ತಿಂದರೆ ಮುಗಿಯಿತು, ಸೀದಾ ಮನೆಗೆ. ಅಂಥವರು ಮಗಳನ್ನು ಸ್ವಿಟ್ಜರ್ಲೆಂಡಿಗೆ ಕಳಿಸಲು ಒಂದು ಸೈಟ್ ಮಾರಿದರು, ಉಳಿದದ್ದಕ್ಕೆ ಬ್ಯಾಂಕ್ ಲೋನ್. ಮೊದಲ ಸೆಮಿಸ್ಟರಿಗೇ ಊಟ, ರೂಮು, ಯೂನಿಫಾರ್ಮ್ ಸೇರಿ 20 ಲಕ್ಷ ದಾಟಿತ್ತು.

ಬೆಳಿಗ್ಗೆ ಆರೂವರೆಗೆ ಸಾಲಾಗಿ ನಿಲ್ಲಿಸಿ ಗ್ರೂಮಿಂಗ್ ಚೆಕ್. ಕೂದಲು ಬನ್, ಉಗುರು ಚಿಕ್ಕದು, ಶೂ ಪಾಲಿಶ್, ಹುಡುಗರ ಗಡ್ಡ ನುಣ್ಣಗೆ. ಒಂದು ನಿಮಿಷ ತಡವಾದರೂ ಅಂಕ ಕಟ್. ಪಾತ್ರೆ ತೊಳೆಯುವವರಿಗೂ ಇದೇ ನಿಯಮ. ಅಲ್ಲಿ ನಮ್ಮನ್ನು ನೋಡುವವರು ಯಾರು ಅಂತ ಕಝಾಕ್ ಹುಡುಗ ಕೇಳಿದ. ನಾನು ನೋಡುತ್ತೇನಲ್ಲ ಅಂದರು ಮೇಷ್ಟ್ರು.

ಪ್ಲೋಂಜ್ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಸರೋವರವೂ ಇಲ್ಲ, ಬಿಸಿಲೂ ಇಲ್ಲ. ಗೋಡೆಯುದ್ದಕ್ಕೂ ಸ್ಟೀಲ್ ಕಟ್ಟೆ, ಮಧ್ಯೆ ಮುಚ್ಚಳ ಎತ್ತಿ ಇಳಿಸುವ ದೊಡ್ಡ ಮೆಷಿನ್, ತಲೆಯ ಮೇಲೆ ಸ್ಪ್ರಿಂಗಿಗೆ ನೇತುಹಾಕಿದ ಸ್ಪ್ರೇ ಪೈಪ್. ಬ್ರೇಕ್‌ಫಾಸ್ಟ್ ತಟ್ಟೆಗಳು ಇಳಿಯಲು ಶುರುವಾದವು. ಮೊದಲ ತಟ್ಟೆಯಲ್ಲಿ ಅರ್ಧ ಕಚ್ಚಿದ ಬೇಕನ್, ಒಡೆದ ಮೊಟ್ಟೆಯ ಹಳದಿ, ಅದರ ಮೇಲೆ ಯಾರೋ ಒತ್ತಿಟ್ಟ ಟಿಶ್ಯೂ. ನಾನು ಮೊಟ್ಟೆಯನ್ನೂ ತಿನ್ನದ ಮನೆಯವಳು. ಊಟ ಆದ ಜಾಗಕ್ಕೆ ಗೋಮಯ ಹಚ್ಚುತ್ತಿದ್ದ ಅಜ್ಜಿಯ ಮೊಮ್ಮಗಳು. ಬೇರೆಯವರ ಎಂಜಲು ಬಿಡಿ, ತಮ್ಮನ ಲೋಟದಲ್ಲೂ ನೀರು ಕುಡಿದವಳಲ್ಲ. ಕೈಗೆ ಗ್ಲೌಸ್ ಇತ್ತು ನಿಜ, ಆದರೆ ಅದು ಕೈಗೆ ಸಂಬಂಧಪಟ್ಟ ವಿಷಯ ಅಲ್ಲವಲ್ಲ. ಸ್ವಲ್ಪ ಹೊತ್ತು ಬಾಯಿಯಲ್ಲಿ ಉಸಿರಾಡಿದೆ. ಆಮೇಲೆ ತಟ್ಟೆಗಳು ಎಷ್ಟು ವೇಗವಾಗಿ ಬಂದವೆಂದರೆ ಅಸಹ್ಯಪಡಲು ಪುರುಸೊತ್ತೇ ಸಿಗಲಿಲ್ಲ.

ಅಲ್ಲಿ ಖಾಯಂ ಕೆಲಸಕ್ಕಿದ್ದವರು ಒಬ್ಬ ಜಾಫ್ನಾ ತಮಿಳರು. ಇದರಲ್ಲಿ ಆಶ್ಚರ್ಯ ಏನಿಲ್ಲ. 1983ರ ಗಲಭೆಯ ನಂತರ ಶ್ರೀಲಂಕಾದಿಂದ ಓಡಿಬಂದ ತಮಿಳರು ಸ್ವಿಟ್ಜರ್ಲೆಂಡಿನಲ್ಲಿ ಬಹಳ ಜನ ಇದ್ದಾರೆ, ಈಗ ಸುಮಾರು 50 ಸಾವಿರ ಅಂತ ಲೆಕ್ಕ. ಬಂದವರಲ್ಲಿ ಎಷ್ಟೋ ಮಂದಿಗೆ ಮೊದಲು ಸಿಕ್ಕಿದ ಕೆಲಸ ರೆಸ್ಟೋರೆಂಟ್ ಅಡುಗೆಮನೆಯದು. ನನಗೆ ಭದ್ರಾವತಿಯ ತಮಿಳು ಬರುತ್ತದೆ. ಕಾರ್ಖಾನೆಯ ಊರು, ಬೀದಿಯಲ್ಲಿ ಆಡಿ ಕಲಿತದ್ದು. ಎರಡು ವಾಕ್ಯ ಆಡಿದ್ದೇ ಅವರು ಜೋರಾಗಿ ನಕ್ಕುಬಿಟ್ಟರು. ಇಂಥ ತಮಿಳು ಸಿನಿಮಾದಲ್ಲಿ ಕಾಮಿಡಿಯವರು ಮಾತ್ರ ಆಡುತ್ತಾರೆ ಅಂದರು. ಅವತ್ತಿನಿಂದ ಅವರು ನನಗೆ ಅಣ್ಣ.

ಅಣ್ಣ ಹೇಳಿಕೊಟ್ಟದ್ದು ನನ್ನ ಯಾವ ಪಠ್ಯದಲ್ಲೂ ಇರಲಿಲ್ಲ. ಮೊಟ್ಟೆ ಅಂಟಿದ ತಟ್ಟೆಗೆ ಮೊದಲು ತಣ್ಣೀರು ಬಿಡಬೇಕು. ಬಿಸಿನೀರು ಹಾಕಿದರೆ ಮೊಟ್ಟೆ ತಟ್ಟೆಯ ಮೇಲೇ ಬೇಯುತ್ತದೆ, ಆಮೇಲೆ ಉಗುರಿಗೂ ಬಗ್ಗುವುದಿಲ್ಲ. ಚೀಸ್ ಕರಗಿಸಿ ಫಾಂಡ್ಯೂ ಮಾಡಿದ ಪಾತ್ರೆಗೂ ಹಾಗೇ, ತಣ್ಣೀರಿನಲ್ಲಿ ನೆನೆಸಿ ಮರೆತುಬಿಡಬೇಕು. ಗ್ಲಾಸಿನ ಟ್ರೇಗೆ ತಟ್ಟೆ ಸೇರಿಸಬಾರದು. ಚಮಚ, ಫೋರ್ಕ್ ಬಂದ ತಕ್ಷಣ ಸೋಪಿನ ನೀರಿಗೆ. ಮೆಷಿನ್ ಕೊನೆಯ ಸುತ್ತಿನಲ್ಲಿ 80 ಡಿಗ್ರಿ ದಾಟಿದ ನೀರು ಹೊಡೆಯುತ್ತದೆ, ಆ ಕಾವಿಗೆ ತಟ್ಟೆ ತಾನೇ ಒಣಗುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಒರೆಸಿದ ಬಟ್ಟೆಯ ಕೊಳೆ ತಟ್ಟೆಗೆ. ನಮ್ಮ ಹೋಟೆಲಿನಲ್ಲಿ ಹೆಗಲ ಮೇಲಿನ ಅದೇ ಟವೆಲಿನಲ್ಲಿ ತಟ್ಟೆ, ಟೇಬಲ್, ಕೆಲವೊಮ್ಮೆ ಮುಖ ಕೂಡ ಒರೆಸುವುದು ನೆನಪಾಗಿ ನಾನು ಸುಮ್ಮನಿದ್ದೆ.

ಹನ್ನೊಂದರ ಹೊತ್ತಿಗೆ ಸ್ವಲ್ಪ ಬಿಡುವು ಸಿಕ್ಕಿತು. ಕಾಫಿ ಕುಡಿಯುತ್ತಾ ಅಣ್ಣ ತಮ್ಮ ಮಗಳ ವಿಷಯ ತೆಗೆದರು. ಅವಳೂ ಹೋಟೆಲ್ ಲೈನಿನಲ್ಲೇ ಇದ್ದಾಳೆ, ಹತ್ತಿರದ ವೆವೆ ಊರಿನ ಒಂದು ಹೋಟೆಲಿನಲ್ಲಿ ಅಪ್ರೆಂಟಿಸ್, ಎರಡನೇ ವರ್ಷ. ಹೆಚ್ಚಿನ ದಿನ ಹೋಟೆಲಿನಲ್ಲಿ ಕೆಲಸ, ವಾರದಲ್ಲಿ ಒಂದೋ ಎರಡೋ ದಿನ ಸರ್ಕಾರಿ ವೃತ್ತಿ ಶಾಲೆ. ಒಟ್ಟು ಮೂರು ವರ್ಷ, ಕೊನೆಗೆ ಇಡೀ ದೇಶ ಒಪ್ಪುವ ಸರ್ಟಿಫಿಕೇಟ್. ಮೊದಲ ವರ್ಷದಿಂದಲೇ ತಿಂಗಳಿಗೆ ಸಾವಿರ ಫ್ರಾಂಕ್ ಆಸುಪಾಸು ಕೈಗೆ. ಇಷ್ಟು ಹೇಳಿ ಅವರು ಸಹಜವಾಗಿ ಕೇಳಿದರು, ನಿನಗೆಷ್ಟು ಕೊಡುತ್ತಾರೆ?

ಕೊಡುವುದಿಲ್ಲ ಅಣ್ಣ, ನಾವೇ ಕೊಡುತ್ತೇವೆ ಅಂದೆ.

ನನ್ನ ತಮಿಳಿನ ಎಡವಟ್ಟು ಅಂದುಕೊಂಡರು. ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದೆ. ಎಷ್ಟು ಅಂತ ಕೇಳಿದರು, ಅದನ್ನೂ ಹೇಳಿದೆ. ಅವರು ಕಪ್ ಕೆಳಗಿಟ್ಟು, ಮೆಷಿನ್ ಕಡೆ ನೋಡಿ, ನನ್ನ ಕಡೆ ನೋಡಿ, ‘ಹಾಗಾದರೆ ಚೆನ್ನಾಗಿ ತೊಳಿಯಮ್ಮ, ಇಷ್ಟು ದುಡ್ಡು ಕೊಟ್ಟು ತೊಳೆಯುವವರನ್ನು ನಾನು ನೋಡಿಯೇ ಇಲ್ಲ’ ಅಂದರು. ಕಝಾಕ್ ಹುಡುಗನಿಗೆ ಅನುವಾದ ಮಾಡಿ ಹೇಳಿದೆ. ಅವನು ನಗಲಿಲ್ಲ.

ಅಲ್ಲಿಯವರೆಗೆ ನಾನು ಗಮನಿಸಿದ್ದೆ, ಆದರೆ ಯೋಚಿಸಿರಲಿಲ್ಲ. ನಮ್ಮ ಬ್ಯಾಚಿನಲ್ಲಿ ಚೀನಾ, ತೈವಾನ್, ಕೊರಿಯಾ, ವಿಯೆಟ್ನಾಂ, ರಷ್ಯಾ, ಭಾರತ, ಎಲ್ಲ ಇದ್ದವು. ಇಲ್ಲದೆ ಇದ್ದದ್ದು ಸ್ವಿಟ್ಜರ್ಲೆಂಡ್. ಅವರ ಮಕ್ಕಳು ಹದಿನೈದು, ಹದಿನಾರಕ್ಕೇ ಅಪ್ರೆಂಟಿಸ್ ಆಗಿ ಸಂಬಳ ತೆಗೆದುಕೊಂಡು ಇದೇ ಕೆಲಸ ಕಲಿಯುತ್ತಾರೆ. ಮ್ಯಾನೇಜ್‌ಮೆಂಟ್ ಬೇಕು ಅಂದವರಿಗೆ ಲೊಸಾನ್‌ನ ಶಾಲೆ ಇದೆ, 1893ರಲ್ಲಿ ಝಾಕ್ ಚುಮಿ ಅನ್ನುವ ಹೋಟೆಲಿಗ ಶುರು ಮಾಡಿದ್ದು, ಈ ಥರದ ಶಾಲೆಗಳಲ್ಲೇ ಹಳೆಯದು, ಅಲ್ಲಿ ಸ್ವಿಸ್ ಮಕ್ಕಳಿಗೆ ಫೀಸೂ ಕಡಿಮೆ. ನಮ್ಮಂಥ ಖಾಸಗಿ ಶಾಲೆಗಳು ನಡೆಯುವುದು ಹೊರಗಿನವರ ದುಡ್ಡಿನಲ್ಲಿ. ಪಾಠ ಇಂಗ್ಲಿಷಿನಲ್ಲಿ. ಕೆಲವು ಕಡೆ ಕೈಗೆ ಬರುವ ಡಿಗ್ರಿ ಬ್ರಿಟನ್ನಿನ ಯಾವುದೋ ಯೂನಿವರ್ಸಿಟಿಯದು, ಕೆಲವು ಕಡೆ ಅಮೆರಿಕದ ಮಾನ್ಯತೆ. ಸ್ವಿಸ್ ಅನ್ನುವುದು ಕಟ್ಟಡ, ಬೆಟ್ಟ ಮತ್ತು ಶಿಸ್ತು. ಮೋಸ ಅನ್ನುವುದಿಲ್ಲ ನಾನು. ಎಲ್ಲ ಬ್ರೋಷರಿನಲ್ಲೇ ಬರೆದಿರುತ್ತದೆ, ನಾವು ಫೋಟೋ ಮಾತ್ರ ನೋಡಿರುತ್ತೇವೆ.

ಮಧ್ಯಾಹ್ನ ಮೂರಕ್ಕೆ ಪ್ಲೋಂಜ್ ಮುಗಿಸಿ, ಸ್ನಾನ ಮಾಡಿ, ಸೂಟ್ ಹಾಕಿಕೊಂಡು ಕ್ಲಾಸಿಗೆ ಹೋದೆವು. ಅವತ್ತಿನ ಪಾಠ ಕಾಸ್ಟಿಂಗ್. ಒಂದು ತಟ್ಟೆ ಊಟಕ್ಕೆ ಸಾಮಾನಿನ ಖರ್ಚು ಎಷ್ಟು, ಕೂಲಿ ಎಷ್ಟು, ಸ್ವಿಟ್ಜರ್ಲೆಂಡಿನಲ್ಲಿ ಕೂಲಿಯೇ ಹೇಗೆ ಹೋಟೆಲಿನವರ ಬೆನ್ನು ಮುರಿಯುತ್ತದೆ ಅಂತ ಮೇಷ್ಟ್ರು ಬೋರ್ಡ್ ತುಂಬಾ ಬರೆದರು. ನಮ್ಮ ಶಾಲೆಯ ಕ್ಯಾಂಟೀನಿನ ಕೂಲಿ ಎಷ್ಟು ಸರ್ ಅಂತ ಹಿಂದಿನ ಬೆಂಚಿನಿಂದ ಕಝಾಕ್ ಹುಡುಗ ಕೇಳಿದ. ಇಡೀ ಕ್ಲಾಸ್ ನಕ್ಕಿತು. ಮೇಷ್ಟ್ರೂ ನಕ್ಕರು, ಒಳ್ಳೆಯ ಪ್ರಶ್ನೆ ಅಂದರು, ಉತ್ತರ ಹೇಳಲಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ನಿಧಾನಕ್ಕೆ ಹೇಳಿದೆ, ಇವತ್ತು ಎಂಜಲು ತಟ್ಟೆ ತೊಳೆದೆ ಅಂತ. ಒಂದು ಕ್ಷಣ ಆ ಕಡೆಯಿಂದ ಸದ್ದಿಲ್ಲ. ಆಮೇಲೆ, ‘ಮೆಷಿನ್ನಾ? ಒಂದು ಸಲಕ್ಕೆ ಎಷ್ಟು ತಟ್ಟೆ ಹಿಡಿಯುತ್ತದೆ? ನೀರು ಜಾಸ್ತಿ ಬೇಕಾ? ರೇಟ್ ವಿಚಾರಿಸು’ ಅಂದರು. ಸೈಟ್ ಮಾರಿದ್ದರ ಬಗ್ಗೆ ಒಂದು ಮಾತಿಲ್ಲ. ಮೊಟ್ಟೆಗೆ ತಣ್ಣೀರು ಅನ್ನುವ ಅಣ್ಣನ ಸೂತ್ರ ಹೇಳಿದಾಗ, ಇಡ್ಲಿ ಹಿಟ್ಟಿನ ಪಾತ್ರೆಗೂ ಅದೇ ಅಲ್ವಾ, ಇದನ್ನು ಕಲಿಯಲು ಅಲ್ಲಿಗೆ ಹೋಗಬೇಕಿತ್ತಾ ಅಂದರು. ಅಷ್ಟೇ.

ಒಂದು ವಿಷಯಕ್ಕೆ ಮಾತ್ರ ಆ ಶಾಲೆಯನ್ನು ಮೆಚ್ಚಲೇಬೇಕು. ಮುಂದಿನ ವಾರದ ಪಟ್ಟಿಯಲ್ಲಿ ನಾನು ಗೆಸ್ಟ್. ನಮ್ಮದೇ ರೆಸ್ಟೋರೆಂಟಿನಲ್ಲಿ, ಬಿಳಿ ಬಟ್ಟೆ ಹಾಸಿದ ಟೇಬಲಿನಲ್ಲಿ ಕೂತೆ. ಕೊರಿಯಾದ ಒಂದು ದೊಡ್ಡ ಮನೆಯ ಹುಡುಗ ಬಲಗಡೆಯಿಂದ ಬಂದು ತಟ್ಟೆ ಇಟ್ಟ, ಎಲ್ಲರೂ ತಿಂದು ಮುಗಿಸುವ ತನಕ ಕಾದು ತೆಗೆದ, ಉಳಿದದ್ದನ್ನು ನಮ್ಮ ಬೆನ್ನ ಹಿಂದೆ ಒಂದೇ ತಟ್ಟೆಗೆ ಸರಿಸಿಕೊಂಡು ಹೋದ. ನನ್ನ ಎಂಜಲು ಈಗ ಅವನ ಕೈಯಲ್ಲಿ. ಯಾರ ಅಪ್ಪ ಯಾರು ಅನ್ನುವುದು ಆ ಪಟ್ಟಿಗೆ ಗೊತ್ತಿರಲಿಲ್ಲ, ತಿರುಗುತ್ತಲೇ ಇರುತ್ತಿತ್ತು. ನಮ್ಮ ಹೋಟೆಲಿನಲ್ಲಿ ಕ್ಲೀನರ್ ಹುಡುಗ ಎಸಿ ಹಾಲಿನಲ್ಲಿ ಕೂತು ಊಟ ಮಾಡಿದ್ದನ್ನು ನಾನು ನೋಡಿಲ್ಲ. ಹಾಗಂತ ಪೂರ್ತಿ ಹೊಗಳುವ ಹಾಗೂ ಇಲ್ಲ. ಆ ಪಟ್ಟಿಯಲ್ಲಿ ಅಣ್ಣನ ಹೆಸರು ಇರುತ್ತಲೇ ಇರಲಿಲ್ಲ. ನಾವು ಮೇಲೆ ಕೆಳಗೆ ತಿರುಗುತ್ತಿದ್ದೆವು, ಅವರು ಅಲ್ಲೇ.

ಸೆಮಿಸ್ಟರ್ ಮುಗಿದ ಮೇಲೆ ಇಂಟರ್ನ್‌ಶಿಪ್‌ಗೆ ಇಂಟರ್ಲಾಕನ್‌ನ ಒಂದು ಹೋಟೆಲ್ ಸಿಕ್ಕಿತು. ಅಲ್ಲಿ ಭಾರತದ ಟೂರ್ ಗುಂಪುಗಳು ಜಾಸ್ತಿ, ಕೆಲವು ಗುಂಪು ಅಡುಗೆಯವರನ್ನೂ ಜೊತೆಗೇ ಕರೆತರುತ್ತವೆ, ಹಾಗಾಗಿ ನನ್ನಂಥವರಿಗೆ ಕೆಲಸ ಸಿಗುವುದು ಸುಲಭ. ಹೋಟೆಲ್ ಉದ್ಯಮದ ರಾಷ್ಟ್ರೀಯ ಒಪ್ಪಂದದ ಪ್ರಕಾರ ಟ್ರೈನಿಗಳಿಗೆ ಕನಿಷ್ಠ ಸಂಬಳ ಇದೆ, ಆಗ 2,200 ಫ್ರಾಂಕ್ ಆಸುಪಾಸು. ಊಟ, ರೂಮಿಗೆ ಅಂತ 990 ಹಿಡಿದುಕೊಂಡರು, ವಿಮೆ ಗಿಮೆ ಬೇರೆ. ಉಳಿದದ್ದು ಲೋನಿನ ಬಡ್ಡಿಗೆ ಸರಿಹೋಯಿತು. ಅಲ್ಲಿ ನನಗೆ ಶಿಫ್ಟ್ ಲೀಡರ್ 19 ವರ್ಷದ ಒಬ್ಬ ಹುಡುಗಿ. ಅಪ್ರೆಂಟಿಸ್ ಮುಗಿಸಿ ಕೆಲಸಕ್ಕೆ ಸೇರಿದ್ದಳು, ನನಗಿಂತ ಮೂರು ವರ್ಷ ಚಿಕ್ಕವಳು, ಮೂರು ತಟ್ಟೆ ಹಿಡಿದು ಮೆಟ್ಟಿಲು ಹತ್ತುವುದನ್ನು ಅವಳೇ ಹೇಳಿಕೊಟ್ಟಳು. ನಾನು ಏನು ಓದುತ್ತಿದ್ದೇನೆ ಅಂತ ಕೇಳಿದಳು. ಮ್ಯಾನೇಜ್‌ಮೆಂಟ್ ಅಂದೆ. ಒಳ್ಳೆಯದು, ಆ ಬಕೆಟ್ ತೆಗೆದುಕೊಂಡು ಬಾ ಅಂದಳು.

ಈಗ ಊರಿನಲ್ಲಿ ಹೋಟೆಲ್ ನೋಡಿಕೊಳ್ಳುತ್ತಿದ್ದೇನೆ. ತಟ್ಟೆ ತೊಳೆಯುವ ಮೆಷಿನ್ ಬಂದಿದೆ, ಸೆಕೆಂಡ್ ಹ್ಯಾಂಡ್, ಕೊಯಮತ್ತೂರಿನಿಂದ. ಮಕ್ಕಳನ್ನು ಸ್ವಿಟ್ಜರ್ಲೆಂಡಿಗೆ ಕಳಿಸಬೇಕು ಅನ್ನುವವರು ಆಗಾಗ ಗಲ್ಲಾದ ಹತ್ತಿರ ಬಂದು ಕೂರುತ್ತಾರೆ. ನಾನು ಅಪ್ರೆಂಟಿಸ್ ವಿಷಯ ಹೇಳುತ್ತೇನೆ, ಅಣ್ಣನ ಮಗಳ ವಿಷಯ ಹೇಳುತ್ತೇನೆ, ಡಿಗ್ರಿ ಯಾರು ಕೊಡುತ್ತಾರೆ ನೋಡಿ ಅನ್ನುತ್ತೇನೆ, ಕೋರ್ಸ್ ಮುಗಿದ ಮೇಲೆ ಯುರೋಪಿನವರಲ್ಲದವರಿಗೆ ಅಲ್ಲಿ ಕೆಲಸ ಸಿಗುವುದು ಎಷ್ಟು ಕಷ್ಟ ಅಂತಲೂ ಬಿಡಿಸಿ ಹೇಳುತ್ತೇನೆ. ಎಲ್ಲ ಕೇಳಿಸಿಕೊಂಡು, ಕಾಫಿ ಕುಡಿದು, ಮೊಬೈಲ್ ಹೊರಗೆ ತೆಗೆದು ಅವರು ಕೇಳುವುದು, ‘ಅದೆಲ್ಲ ಇರಲಿ ಮೇಡಂ, ನೀವು ಓದಿದ ಕಾಲೇಜಿನ ಸ್ಪೆಲ್ಲಿಂಗ್ ಹೇಳಿ.’