ಮಾಗಿಯ ಕರೆಂಟ್ ಬಿಲ್ಲು ಬಚ್ಚಲಲ್ಲೇ ಇದೆ

ದೀಪಾವಳಿಯ ನೀರು ತುಂಬುವ ಹಬ್ಬ ಬಂತು ಅಂದರೆ ನನ್ನ ಫೋನ್‌ಗೆ ಬಿಡುವಿಲ್ಲ. ಮೈಸೂರಿನಲ್ಲಿ ಗೀಸರ್ ಮತ್ತು ಸೋಲಾರ್ ವಾಟರ್ ಹೀಟರ್ ರಿಪೇರಿ ನನ್ನ ಕೆಲಸ. ಹಬ್ಬದ ಹೊತ್ತಿಗೆ ಬರುವ ಫೋನೆಲ್ಲ ನೀರು ಕಾಯುತ್ತಿಲ್ಲ ಅಂತ. ಜನವರಿಯಲ್ಲಿ ಡಿಸೆಂಬರ್ ಬಿಲ್ ಕೈಗೆ ಬಂದ ಮೇಲೆ ಇನ್ನೊಂದು ಸುತ್ತು ಶುರುವಾಗುತ್ತದೆ. ಆಗ ಎಲ್ಲರದ್ದೂ ಒಂದೇ ಮಾತು: "ಮೀಟರ್ ಜೋರಾಗಿ ಓಡ್ತಿದೆ, ಸ್ವಲ್ಪ ಬಂದು ನೋಡಿ."

ಮೀಟರ್ ಕೆಟ್ಟಿರುವುದು ತೀರಾ ಅಪರೂಪ. ಗೀಸರ್ ಕೆಟ್ಟಿರುವುದೂ ಅಷ್ಟೇನಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಸ್ಕ್ರೂಡ್ರೈವರ್ ತೆಗೆಯುವ ಮೊದಲು ಆ ಮನೆಯಲ್ಲಿ ಯಾರು, ಯಾವ ಹೊತ್ತಿಗೆ ಸ್ನಾನ ಮಾಡುತ್ತಾರೆ ಅಂತ ಕೇಳಬೇಕು. ಹೊಸಬರು ಈ ಕೆಲಸಕ್ಕೆ ಬಂದರೆ ಅವರಿಗೂ ಇದನ್ನೇ ಮೊದಲು ಹೇಳುತ್ತೇನೆ.

ಚಳಿಗಾಲದಲ್ಲಿ ಫ್ಯಾನ್ ನಿಂತಿರುತ್ತದೆ. ಫ್ರಿಜ್‌ಗೂ ಕೆಲಸ ಕಮ್ಮಿ. ಹಾಗಾಗಿ ಬಿಲ್ ಇಳಿಯಬೇಕು, ಅಲ್ವಾ? ಏರುತ್ತದೆ. ಹಳೇ ಸೀಲಿಂಗ್ ಫ್ಯಾನ್ ಒಂದು 75 ವ್ಯಾಟ್ ಎಳೆಯುತ್ತದೆ. ಸಾಮಾನ್ಯ ಗೀಸರ್ 2000 ವ್ಯಾಟ್. ಅಂದರೆ ಒಂದು ಗೀಸರ್ ಹಾಕಿದರೆ 26 ಫ್ಯಾನ್ ಒಟ್ಟಿಗೆ ತಿರುಗಿದ ಲೆಕ್ಕ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮೂರಿನ ಚಳಿ 15-16 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ತಾರಸಿಯ ಟ್ಯಾಂಕಿನ ನೀರು ರಾತ್ರಿಯೆಲ್ಲ ಆರಿ ತಣ್ಣಗಾಗಿರುತ್ತದೆ. ಆ ನೀರು 20 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. 20 ಲೀಟರಿನ ಒಂದು ಬಕೆಟ್ ನೀರನ್ನು ಮೈಗೆ ಹಿತವಾಗುವ 40 ಡಿಗ್ರಿಗೆ ತರಲು ಸುಮಾರು ಅರ್ಧ ಯೂನಿಟ್ ಬೇಕು. ಗೀಸರ್ ಆಗಲಿ, ಬಕೆಟ್‌ಗೆ ಇಳಿಬಿಡುವ ರಾಡ್ ಆಗಲಿ, ಈ ಅರ್ಧ ಯೂನಿಟ್ ತಪ್ಪುವುದಿಲ್ಲ. ಐದು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ಅಂದರೂ ತಿಂಗಳಿಗೆ 70 ಯೂನಿಟ್ ಮೇಲಾಯಿತು. ಶವರ್ ಆದರೆ ಇನ್ನೂ ಜಾಸ್ತಿ.

ಈ 70 ಯೂನಿಟ್ಟಿಗೆ ಈಗ ಬೇರೆಯೇ ಬೆಲೆ ಬಂದಿದೆ. 2023ರಲ್ಲಿ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಶುರುವಾದ ಮೇಲೆ ಎಷ್ಟೋ ಮನೆಗಳಿಗೆ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಬಿಲ್ ಸೊನ್ನೆ ಬರುತ್ತಿದೆ. 2022-23ರ ತಿಂಗಳ ಸರಾಸರಿ, ಅದರ ಮೇಲೆ ಶೇಕಡ 10, ಅಷ್ಟು ಉಚಿತ. ಅದನ್ನು ದಾಟಿ 200 ಯೂನಿಟ್ ಒಳಗಿದ್ದರೆ ದಾಟಿದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಯೂನಿಟ್‌ಗೆ ಆರು ರೂಪಾಯಿ ಆಸುಪಾಸು ಅಂದರೆ 201ನೇ ಯೂನಿಟ್‌ಗೆ ಸಾವಿರದ ಇನ್ನೂರರ ಹತ್ತಿರ, ಫಿಕ್ಸೆಡ್ ಚಾರ್ಜ್, ತೆರಿಗೆ ಬೇರೆ. ಪಿಂಚಣಿ ನಂಬಿಕೊಂಡಿರುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಹೀಗಾಗಿ ಚಳಿಗಾಲದಲ್ಲಿ ಹತ್ತು ಯೂನಿಟ್ ಉಳಿಸುವುದೂ ದೊಡ್ಡ ಕೆಲಸ ಅಂತ ನಾನು ನಂಬಿದ್ದೇನೆ.

ಕುವೆಂಪುನಗರದ ಒಂದು ಮನೆಯ ವಿಷಯ ಹೇಳುತ್ತೇನೆ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ತಾರಸಿಯಲ್ಲಿ 200 ಲೀಟರಿನ ಸೋಲಾರ್. ವರ್ಷವಿಡೀ ಸೊನ್ನೆ ಬಿಲ್ ನೋಡಿದವರಿಗೆ ಒಮ್ಮೆಲೇ 200 ದಾಟಿದ ಬಿಲ್ ಬಂದಿತ್ತು. "ನೋಡಪ್ಪ, ಇರೋದು ನಾವಿಬ್ಬರೇ. ಫ್ಯಾನೂ ಹಾಕಲ್ಲ. ಇಷ್ಟು ಹೆಂಗೆ ಬರುತ್ತೆ?" ಅಂತ ಆ ಅಮ್ಮ ಬಿಲ್ ಹಿಡಿದುಕೊಂಡೇ ಕೇಳಿದರು. ಹೊಸ ಗೀಸರ್ ಹಾಕಿಸಬೇಕೇ ಅಂತ ಯಜಮಾನರು ಆಗಲೇ ಅಂಗಡಿಯಲ್ಲಿ ರೇಟ್ ವಿಚಾರಿಸಿದ್ದರು.

ನಾನು ಕೇಳಿದೆ, "ಅಮ್ಮಾ, ಬೆಳಿಗ್ಗೆ ಮೊದಲು ಸ್ನಾನಕ್ಕೆ ಹೋಗೋರು ಯಾರು?" ಧನುರ್ಮಾಸ ಅಲ್ವಾ, ಐದು ಗಂಟೆಗೇ ಇವರ ಸ್ನಾನ ಆಗಬೇಕು, ಪೂಜೆ, ಹುಗ್ಗಿ ನೈವೇದ್ಯ ಎಲ್ಲ ಸೂರ್ಯ ಹುಟ್ಟೋ ಮುಂಚೆ ಅಂದರು. ಆ ಹೊತ್ತಿಗೆ ಸೋಲಾರ್ ನೀರು ಸಾಕಷ್ಟು ಬಿಸಿ ಇರುತ್ತಿರಲಿಲ್ಲ. ಅದಕ್ಕೇ ಯಾರೋ ಹೇಳಿದ ಹಾಗೆ ಮೆಟ್ಟಿಲ ಹತ್ತಿರದ ಒಂದು ಸ್ವಿಚ್ ಹಾಕಿಟ್ಟಿದ್ದರು. ಅದು ಸೋಲಾರ್ ಟ್ಯಾಂಕಿನ ಒಳಗೆ, ಬಿಸಿಲಿಲ್ಲದ ದಿನ ಕರೆಂಟಿನಲ್ಲಿ ನೀರು ಕಾಯಿಸಲು ಇರುವ ಬ್ಯಾಕಪ್ ಕಾಯಿಲ್‌ನ ಸ್ವಿಚ್. ಒಂದು ದಿನ ಹಾಕಿದ್ದು ಹಾಗೇ ಉಳಿದಿತ್ತು.

ಇದರಲ್ಲಿ ಆಗುವುದೇನು ಗೊತ್ತಾ? 200 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಎಂಟು ಯೂನಿಟ್ ಬೇಕು. ಬೇಕಾಗಿರುವುದು ಎರಡು ಬಕೆಟ್, ಕಾಯಿಲ್ ಕಾಯಿಸುವುದು ಇಡೀ ಟ್ಯಾಂಕ್. ಸಂಜೆ ಪಾತ್ರೆ, ಮುಖ, ಕೈಕಾಲು ಅಂತ ಬಿಸಿನೀರು ಖರ್ಚಾದಷ್ಟೂ ತಣ್ಣೀರು ಒಳಗೆ ಬರುತ್ತದೆ. ಥರ್ಮೋಸ್ಟಾಟ್‌ಗೆ ಅದು ತಿಳಿಯುತ್ತದೆ, ಕಾಯಿಲ್ ರಾತ್ರಿಯಿಡೀ ದುಡಿಯುತ್ತದೆ. ನನಗೆ ಇನ್ನೂ ಸಂಕಟ ಆಗುವುದು ಮುಂದಿನದಕ್ಕೆ. ಬೆಳಿಗ್ಗೆ ಬಿಸಿಲು ಬಂದಾಗ ಟ್ಯಾಂಕ್ ಆಗಲೇ ಬಿಸಿಯಾಗಿರುತ್ತದೆ. ಬಿಸಿಲಿಗೆ ಕಾಯಿಸಲು ತಣ್ಣೀರೇ ಇಲ್ಲ! ಪುಕ್ಕಟೆ ಸಿಗುವ ಶಾಖವನ್ನು ತಾರಸಿಯಲ್ಲೇ ಬಿಟ್ಟು, ದುಡ್ಡು ಕೊಟ್ಟ ಕರೆಂಟಿನಲ್ಲಿ ಕಾಯಿಸಿದ ಹಾಗಾಯಿತು. ದಿನಕ್ಕೆ ನಾಲ್ಕೇ ಯೂನಿಟ್ ಅಂದರೂ ತಿಂಗಳಿಗೆ 120.

ಆ ಮನೆಗೆ ಹೊಸದೇನೂ ಬೇಕಿರಲಿಲ್ಲ. ಬ್ಯಾಕಪ್ ಕಾಯಿಲ್ ಆಫ್ ಮಾಡಿ, ಆ ಸ್ವಿಚ್ ಮೇಲೆ "ಮೋಡದ ದಿನ ಮಾತ್ರ" ಅಂತ ಬರೆದು ಅಂಟಿಸಿದೆ. ಧನುರ್ಮಾಸ ಮುಗಿಯುವ ತನಕ ಯಜಮಾನರ ಐದು ಗಂಟೆಯ ಸ್ನಾನಕ್ಕೆ ಬಚ್ಚಲಲ್ಲೇ ಇದ್ದ ಹಳೇ ಸಣ್ಣ ಗೀಸರನ್ನು ಚೊಕ್ಕ ಮಾಡಿಕೊಟ್ಟೆ. 15 ಲೀಟರಿನ ಗೀಸರ್ ಇಪ್ಪತ್ತು ನಿಮಿಷ ಹಾಕಿದರೆ ಒಬ್ಬರ ಸ್ನಾನಕ್ಕೆ ಸಾಕು, ಮುಕ್ಕಾಲು ಯೂನಿಟ್ ಒಳಗೆ ಮುಗಿಯಿತು. ಅಮ್ಮನಿಗೆ ಒಂಬತ್ತು ಗಂಟೆ ಮೇಲೆ ಸ್ನಾನ ಮಾಡಿದರೂ ನಡೆಯುತ್ತಿತ್ತು. ಮುಂದಿನ ಬಿಲ್ 200ರ ಒಳಗೆ ಬಂತು ಅಂತ ಅವರೇ ಫೋನ್ ಮಾಡಿ ಹೇಳಿದರು. ಆ ದಿನ ನನಗಾದ ಖುಷಿ ಯಾವ ದೊಡ್ಡ ಆರ್ಡರ್ ಸಿಕ್ಕಾಗಲೂ ಆಗಿಲ್ಲ.

"ಮೊದಲು ಚೆನ್ನಾಗಿ ಕಾಯ್ತಿತ್ತು, ಈ ಚಳಿಗಾಲ ಸೋಲಾರ್ ನೀರೇ ಬಿಸಿ ಆಗ್ತಿಲ್ಲ" ಅನ್ನುವ ಮನೆಗಳಲ್ಲಿ ನಾನು ಮೊದಲು ತಾರಸಿ ಹತ್ತಿ ದಕ್ಷಿಣಕ್ಕೆ ತಿರುಗಿ ನಿಲ್ಲುತ್ತೇನೆ. ಜೂನ್‌ನಲ್ಲಿ ನಡು ಮಧ್ಯಾಹ್ನದ ಸೂರ್ಯ ಮೈಸೂರಿಗೆ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಅದೇ ಹೊತ್ತಿಗೆ ದಕ್ಷಿಣಕ್ಕೆ ವಾಲಿ 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಹತ್ತು ಅಡಿ ಗೋಡೆ ಆಗ ಉತ್ತರಕ್ಕೆ ಏಳು ಅಡಿ ನೆರಳು ಚೆಲ್ಲುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಪಕ್ಕದವರು ದಕ್ಷಿಣಕ್ಕೆ ಹೊಸದಾಗಿ ಎರಡನೇ ಮಹಡಿ ಕಟ್ಟಿದ್ದರೆ, ಅಥವಾ ನೀವೇ ಸಿಂಟೆಕ್ಸ್ ಟ್ಯಾಂಕನ್ನು ಆ ಕಡೆ ಎತ್ತರಿಸಿದ್ದರೆ, ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಬಿಸಿನೀರು ಬೇಕೇಬೇಕಾದ ತಿಂಗಳಲ್ಲೇ ನೆರಳು ಬೀಳುತ್ತದೆ. ಹಾಗಾಗಿ ಹೊಸ ಸೋಲಾರ್‌ಗೆ ಜಾಗ ನೋಡುವಾಗ ನಿಂತ ದಿನದ ಬಿಸಿಲು ನೋಡಿದರೆ ಸಾಲದು, ಡಿಸೆಂಬರ್ ನೆರಳು ಲೆಕ್ಕ ಹಾಕಬೇಕು. ಏಪ್ರಿಲ್‌ನಲ್ಲಿ ಫಿಟ್ ಮಾಡುವವರು ಇದನ್ನು ಮರೆಯುತ್ತಾರೆ. ಗ್ರಾಹಕರಾದ ನೀವು ಕೇಳಿ, ತಪ್ಪಿಲ್ಲ.

ಗಾಜಿನ ಕೊಳವೆಯ ಸೋಲಾರ್ ಆದರೆ ಕೊಳವೆಯ ಮುಚ್ಚಿದ ತುದಿ ನೋಡಿ. ಅಲ್ಲಿ ಬೆಳ್ಳಿ ಬಣ್ಣದ ಹೊಳಪು ಇರಬೇಕು. ಬೆಳ್ಳಗೆ ಸುಣ್ಣ ಬಳಿದ ಹಾಗಿದ್ದರೆ ಆ ಕೊಳವೆಯ ನಿರ್ವಾತ ಹೋಗಿದೆ, ಅದೊಂದನ್ನೇ ಬದಲಾಯಿಸಿದರೆ ಸಾಕು. ಧೂಳು ಒರೆಸುವುದಂತೂ ನೀವೇ ಮಾಡಬಹುದು. ಬೆಳಿಗ್ಗೆ ಬೇಗ ಒರೆಸಿ, ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಹಾಕಬೇಡಿ.

ಪೈಪಿನ ವಿಷಯ ಯಾರೂ ಯೋಚಿಸುವುದಿಲ್ಲ. ತಾರಸಿಯಿಂದ ಕೆಳಗಿನ ಬಚ್ಚಲಿಗೆ ಮುಕ್ಕಾಲು ಇಂಚಿನ 30 ಅಡಿ ಪೈಪ್ ಇದ್ದರೆ ಅದರೊಳಗೇ ಸುಮಾರು ಮೂರು ಲೀಟರ್ ನೀರಿರುತ್ತದೆ. ಒಬ್ಬರು ಆರಕ್ಕೆ, ಇನ್ನೊಬ್ಬರು ಏಳೂವರೆಗೆ, ಮಗ ಒಂಬತ್ತಕ್ಕೆ ಹೋದರೆ ಪ್ರತಿ ಸಲವೂ ಪೈಪಿನಲ್ಲಿ ಆರಿದ ಮೂರು ಲೀಟರ್ ಹರಿದುಹೋಗಬೇಕು. ಅದರ ಜಾಗಕ್ಕೆ ಮತ್ತೆ ಬಿಸಿನೀರು ತುಂಬಿ ಅದೂ ಆರುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸುವ ಮನೆಯಲ್ಲಿ ಇದು ಒಂದೇ ಸಲ. ಗೀಸರ್‌ಗೂ ಇದೇ ಮಾತು. ಆ ಆರಿದ ನೀರನ್ನು ಚರಂಡಿಗೆ ಬಿಡದೆ ಬಕೆಟ್‌ನಲ್ಲಿ ಹಿಡಿದರೆ ಬಟ್ಟೆಗಾಯಿತು.

ಬಿಲ್ ಬಗ್ಗೆ ಅನುಮಾನ ಇದ್ದರೆ ಯಾರನ್ನೂ ಕರೆಯುವ ಮೊದಲು ನೀವೇ ಒಂದು ಪರೀಕ್ಷೆ ಮಾಡಿ. ಮೀಟರ್ ಮೇಲೆ ಮಿಣುಕುವ ಸಣ್ಣ ಕೆಂಪು ದೀಪ ಇರುತ್ತದೆ. ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕಬೇಕು ಅಂತ ಬರೆದಿರುತ್ತದೆ. 3200 ಅಂತ ಇದ್ದರೆ, 2000 ವ್ಯಾಟಿನ ಕಾಯಿಲ್ ಓಡುವಾಗ ಹತ್ತು ಸೆಕೆಂಡಿಗೆ 18 ಸಲ ಮಿಣುಕುತ್ತದೆ. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ನೋಡಿ. ಆಗಲೂ ದೀಪ ಅದೇ ವೇಗದಲ್ಲಿ ಮಿಣುಕಿದರೆ ಎಲ್ಲೋ ಒಂದು ಕಾಯಿಲ್ ನಿಮಗೆ ತಿಳಿಯದೆ ಓಡುತ್ತಿದೆ. ಕುವೆಂಪುನಗರದ ಆ ಮನೆಯಲ್ಲಿ ನನಗೆ ದಾರಿ ತೋರಿಸಿದ್ದೂ ಈ ದೀಪವೇ.

ಬೋರ್ ನೀರು ಬರುವ ಹೊರಗಿನ ಬಡಾವಣೆಗಳಲ್ಲಿ ಗೀಸರ್ ಕಾಯಿಲ್‌ಗೆ ಉಪ್ಪು ಕಟ್ಟುತ್ತದೆ. ಅದರಿಂದಲೇ ಬಿಲ್ ದುಪ್ಪಟ್ಟು ಅನ್ನುವವರಿದ್ದಾರೆ. ಅದು ನಿಜವಲ್ಲ. ಕಾಯಿಲ್ ನೀರಿನೊಳಗೇ ಇರುವುದರಿಂದ ಶಾಖ ಕೊನೆಗೆ ನೀರಿಗೇ ಹೋಗುತ್ತದೆ. ಉಪ್ಪಿನಿಂದ ಕಾಯಿಲ್ ಅತಿಯಾಗಿ ಕಾದು ಬೇಗ ಸುಟ್ಟುಹೋಗುತ್ತದೆ, ಅದಕ್ಕಾಗಿ ಸರ್ವಿಸ್ ಮಾಡಿಸಿ. ಥರ್ಮೋಸ್ಟಾಟನ್ನು 50ರ ಹತ್ತಿರ ಇಟ್ಟು, ಸ್ನಾನವಾದ ಕೂಡಲೇ ಸ್ವಿಚ್ ಆರಿಸಿ. ಹಳೇ ಗೀಸರ್ ಇಡೀ ದಿನ ಆನ್ ಇದ್ದರೆ ಯಾರೂ ನಲ್ಲಿ ತಿರುಗಿಸದಿದ್ದರೂ ಯೂನಿಟ್ ಓಡುತ್ತಿರುತ್ತದೆ. ಹೊಸದು ಕೊಳ್ಳುವಾಗ ಸ್ಟಾರ್ ಗುರುತು ಹೇಳುವುದೂ ಇದನ್ನೇ, ಸುಮ್ನೆ ನಿಂತಾಗ ಎಷ್ಟು ಶಾಖ ಸೋರುತ್ತದೆ ಅನ್ನುವುದನ್ನು.

ಕರೆಂಟ್ ಉಳಿಸಲು ಗ್ಯಾಸ್ ಗೀಸರ್ ಹಾಕಿಸುತ್ತೇವೆ ಅಂತ ಈಗೀಗ ಜಾಸ್ತಿ ಜನ ಕೇಳುತ್ತಿದ್ದಾರೆ. ಬಚ್ಚಲ ಒಳಗೆ ಫಿಟ್ ಮಾಡಿಕೊಡಿ ಅಂದರೆ ನಾನು ಮಾಡುವುದಿಲ್ಲ. ಚಳಿ ಅಂತ ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಆ ಅನಿಲಕ್ಕೆ ಬಣ್ಣ, ವಾಸನೆ ಇಲ್ಲ. ಒಳಗಿದ್ದವರಿಗೆ ತಿಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತದೆ, ಜೀವ ಹೋಗುತ್ತದೆ. ನಿಮ್ಮ ಮನೆಯಲ್ಲಿ ಆಗಲೇ ಒಳಗಿದ್ದರೆ ಬಿಲ್ಲಿನ ಚಿಂತೆ ಆಮೇಲೆ ಮಾಡೋಣ. ಈ ವಾರವೇ ಅದನ್ನು ಗಾಳಿಯಾಡುವ ಹೊರಗಿನ ಗೋಡೆಗೆ ಹಾಕಿಸಿ. ಅಲ್ಲಿಯವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.